ಕೆರೆ ಕೆಳಗಿನ ಊರು, ಬಾಗಿಲಿಗೆ ಬಂದ ಪಟ್ಟಣ

ಹೋದ ಸಂಚಿಕೆಯಲ್ಲಿ ಪಹಣಿ ತಿದ್ದುಪಡಿಯ ಬಗ್ಗೆ ಎರಡು ಪುಟ ಬರೆದು, ಎಲ್ಲೋ ನಡುವೆ ‘ನಮ್ಮ ತಾತ ಊರ ನೀರುಗಂಟಿ’, ಅಂದರೆ ಕೆರೆ ಕಾಯ್ದು ಗದ್ದೆಗಳಿಗೆ ನೀರು ಬಿಡುವವರು, ಎಂದು ಒಂದೇ ಒಂದು ಸಾಲು ಸೇರಿಸಿದ್ದೆ. ಪಹಣಿಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಕಾಗದಗಳೆಲ್ಲ ಕೆರೆಯವೇ. ಹಾಗಾಗಿ ಈ ಸಲ ಪೂರ್ತಿ ಕೆರೆ ದಂಡೆಯ ಊರುಗಳ ಮಾತೇ ಆಗಲಿ. ಹೊಸ ಓದುಗರಿಗೆ ನನ್ನ ಪರಿಚಯ: ಹಾಸನ ಪಟ್ಟಣದ ಸೆರಗಿನ ಕೆರೆಯೊಂದರ ಕೆಳಗೆ ಹುಟ್ಟಿದವನು, 31 ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿ ದುಡಿದು, ಕೊನೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತನಾದವನು. ಕೆರೆಯ ಕೆಸರು, ಕಚೇರಿಯ ಮಸಿ ಎರಡೂ ಕೈಗೆ ಹತ್ತಿವೆ. ಪತ್ರಗಳನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಮೊಟಕು ಮಾಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹಾಸನದಲ್ಲೂ ಒಂದು ಚನ್ನಪಟ್ಟಣ ಇದೆಯಂತೆ. ನಮ್ಮ ಬೊಂಬೆಯ ಚನ್ನಪಟ್ಟಣಕ್ಕೂ ಅದಕ್ಕೂ ಏನು ನಂಟು?
– ಓದುಗರೊಬ್ಬರು, ರಾಮನಗರ

ಹೆಸರಿನ ನಂಟು ಬಿಟ್ಟರೆ ಇನ್ನೇನಿಲ್ಲ. ನಮ್ಮ ಚನ್ನಪಟ್ಟಣದಲ್ಲಿ ಬೊಂಬೆಯೂ ಇಲ್ಲ, ಅರಗೂ ಇಲ್ಲ. ಇರುವುದು ಒಂದು ಕೆರೆ, ಅದರ ಮಗ್ಗುಲಿಗೆ ಹೊಸ ಬಸ್ ನಿಲ್ದಾಣ. ಬಸ್ಸಿಗೆ ಕಾಯುವ ಜನರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಆ ಕೆರೆಗೊಂದು ಹೆಸರಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ.

ಆದರೆ ವಯಸ್ಸಿನಲ್ಲಿ ಅದು ಹಾಸನಕ್ಕಿಂತ ಹಿರಿದು. ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಾಗಿರುವ ಐತಿಹ್ಯ ಹೀಗಿದೆ. 11ನೇ ಶತಮಾನದಲ್ಲಿ ಬುಕ್ಕನಾಯಕ ಎಂಬವನು ಇಲ್ಲಿ ಕೋಟೆ, ಪೇಟೆ, ಒಂದು ದೊಡ್ಡ ಕೆರೆ ಕಟ್ಟಿಸಿ ಊರಿಗೆ ಚನ್ನಪಟ್ಟಣ ಅಂದ. ಚೆಂದದ ಪಟ್ಟಣ ಎಂದರ್ಥ. ಆಮೇಲೆ ಹೊಯ್ಸಳರ ಕಾಲಕ್ಕೆ ಕೃಷ್ಣಪ್ಪನಾಯಕನ ಕೈಗೆ ಊರು ಬಂತು. ಒಂದು ದಿನ ಮೊಲವೊಂದು ಊರೊಳಕ್ಕೆ ನುಗ್ಗಿತು. ಮೊಲ ಅಡ್ಡ ಬಂದರೆ ಅಪಶಕುನ, ಊರಿಗೇ ನುಗ್ಗಿದರೆ ಕೇಳಬೇಕೆ? ನಾಯಕ ಮಂಕಾಗಿ ಕೂತಿದ್ದಾಗ ದೇವಿ ಕಾಣಿಸಿಕೊಂಡು, ಮೊಲ ಎಲ್ಲಿಂದ ಎದ್ದು ಬಂತೋ ಅಲ್ಲೇ ಕೋಟೆ ಕಟ್ಟು ಅಂದಳು. ಕಟ್ಟಿದ. ಆ ದೇವಿಯೇ ಹಾಸನಾಂಬೆ, ಆ ಕೋಟೆಯ ಊರೇ ಹಾಸನ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆಗೆಯುತ್ತಾರಲ್ಲ, ಅದೇ ಗುಡಿ.

ಐತಿಹ್ಯದಲ್ಲಿ ಎಷ್ಟು ನಿಜವೋ ಮೊಲಕ್ಕೇ ಗೊತ್ತು. ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸುತ್ತದೆ. ಇದರ ಪ್ರಕಾರ ಕೆರೆ ದಂಡೆಯ ಆ ಹಳ್ಳಿ ಹಾಸನದ ಬಡಾವಣೆಯಲ್ಲ, ಹಾಸನವೇ ಆ ಹಳ್ಳಿಯ ಬಡಾವಣೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಹೇಮಾವತಿ, ಯಗಚಿ ಹರಿಯುತ್ತವೆ. ಹಾಗಿದ್ದೂ ಊರಿಗೊಂದು ಕೆರೆ ಯಾಕೆ ಕಟ್ಟಿದರು? ನಮ್ಮ ಮೇಷ್ಟ್ರು ನಿಮ್ಮನ್ನೇ ಕೇಳು ಅಂದರು.
– ಪಿಯುಸಿ ವಿದ್ಯಾರ್ಥಿ, ಚನ್ನರಾಯಪಟ್ಟಣ

ಮೇಷ್ಟ್ರು ಬುದ್ಧಿವಂತರು. ಜಿಲ್ಲೆಯ ನಕಾಶೆ ತೆಗೆದು ಪಡುವಣದಿಂದ ಮೂಡಣಕ್ಕೆ ಬೆರಳು ಎಳೆ: ಸಕಲೇಶಪುರ, ಆಲೂರು, ಹಾಸನ, ಅರಸೀಕೆರೆ. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಮೇಲೆ ಮಳೆ. ಹಾಸನಕ್ಕೆ ಬರುವಷ್ಟರಲ್ಲಿ ಅದರ ಅರ್ಧದ ಆಸುಪಾಸು. ಅರಸೀಕೆರೆಯಲ್ಲಿ ಇನ್ನೂ ಕಡಿಮೆ. ಅಂದರೆ ನಾವು ಮಲೆನಾಡಿನ ಹಿಂಬಾಗಿಲಲ್ಲಿ ಕೂತವರು. ಮಳೆ ಇತ್ತ ಬರುವಾಗ ಬಹುಪಾಲು ಖಾಲಿಯಾಗಿರುತ್ತದೆ.

ನದಿ ಇದೆ, ನಿಜ. ಆದರೆ ಅದು ತಗ್ಗಿನಲ್ಲಿ ಹರಿಯುತ್ತದೆ, ಹೊಲಗಳು ಎತ್ತರದಲ್ಲಿ. ಮೋಟಾರು ಪಂಪು ಇಲ್ಲದ ಕಾಲದಲ್ಲಿ ನೀರನ್ನು ಮೇಲಕ್ಕೆ ಹತ್ತಿಸುವುದು ಹೇಗೆ? ಆದ್ದರಿಂದ ನದಿಗೆ ಸೇರುವ ಮೊದಲೇ, ದಿಣ್ಣೆಯ ಮೇಲಿನಿಂದ ಇಳಿಯುವ ಹಳ್ಳಕ್ಕೇ ಅಡ್ಡ ಏರಿ, ಅಂದರೆ ಮಣ್ಣಿನ ಒಡ್ಡು, ಹಾಕಿದರು. ಒಂದು ಹಳ್ಳಕ್ಕೆ ಒಂದೇ ಕೆರೆಯಲ್ಲ, ಮಣಿ ಪೋಣಿಸಿದ ಹಾಗೆ ಸಾಲು ಸಾಲು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಅಂದರೆ ಹೆಚ್ಚಾದ ನೀರು ಹೊರಬಿದ್ದರೆ, ಆ ನೀರೇ ಕೆಳಗಿನ ಕೆರೆಗೆ ಒಳಹರಿವು. ಕೊನೆಯ ಕೋಡಿ ಯಗಚಿಗೋ ಹೇಮಾವತಿಗೋ ಬೀಳುತ್ತದೆ. ಯಗಚಿ ಗೊರೂರಿನ ಹತ್ತಿರ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೆಟ್ಟದ ಆ ಮಗ್ಗುಲಿಗೆ ಬಿದ್ದ ನೀರಿನ ದಾರಿಯೇ ಬೇರೆ. ಸಖರಾಯಪಟ್ಟಣದ ಅಯ್ಯನಕೆರೆ, ಮದಗದ ಕೆರೆಗಳಿಂದ ಹೊರಟದ್ದು ವೇದಾವತಿಯಾಗಿ ಕೃಷ್ಣೆಯ ಕಡೆ ಹೋಗುತ್ತದೆ. ಒಂದೇ ಬೆಟ್ಟದ ಮೇಲೆ ಸುರಿದ ಮಳೆ ಎರಡು ದಿಕ್ಕಿಗೆ ಹಂಚಿಹೋಗುತ್ತದೆ.

ಹೊಯ್ಸಳರ ಕಾಲದ ಊರುಗಳ ಹೆಸರು ನೋಡಿದರೂ ಸಾಕು. ಹಳೇಬೀಡು ಆಗ ದೋರಸಮುದ್ರ, ರಾಜಧಾನಿಗೇ ಕೆರೆಯ ಹೆಸರು. ಅರಸೀಕೆರೆ ಅಂದರೆ ಅರಸಿಯ ಕೆರೆ. ಹಾಸನದಿಂದ ಬೇಲೂರಿನ ಹಾದಿಯಲ್ಲಿ ದೊಡ್ಡಗದ್ದವಳ್ಳಿ ಸಿಗುತ್ತದೆ. ಅಲ್ಲಿನ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯವನ್ನು 1113ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕಟ್ಟಿಸಿದವನು ರಾಜನಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಗುಡಿಯ ಹಿಂದೆಯೇ ಕೆರೆ. ಬೆಳಿಗ್ಗೆ ಹೋದರೆ ಬೇಲೂರಿನ ಗಲಾಟೆ ಇಲ್ಲದೆ, ಏರಿಯ ಮೇಲೆ ಕೂತು ನೋಡಬಹುದು.

ಆಗಿನ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ. ಕೆರೆಯ ದುರಸ್ತಿಗೆಂದು ಬಿಟ್ಟ ದತ್ತಿ ಅದು. ಕೆರೆ ಕಟ್ಟಿದವರಿಗೆ, ಕಟ್ಟಿದ ದಿನದಿಂದಲೇ ಅದು ಹೂಳು ತುಂಬಲು ಶುರುವಾಗುತ್ತದೆ ಎಂದು ಗೊತ್ತಿತ್ತು. ಕಟ್ಟುವ ದುಡ್ಡಿನ ಜೊತೆಗೇ ರಿಪೇರಿಯ ದುಡ್ಡನ್ನೂ ಎತ್ತಿಟ್ಟರು. ನನ್ನ 31 ವರ್ಷದ ನೌಕರಿಯಲ್ಲಿ ಉದ್ಘಾಟನೆಯ ಕಲ್ಲಿಗೆ ಹಣ ಇಟ್ಟ ಕ್ರಿಯಾಯೋಜನೆ ಬೇಕಾದಷ್ಟು ನೋಡಿದ್ದೇನೆ, ರಿಪೇರಿಗೆ ಇಟ್ಟದ್ದು ಬೆರಳೆಣಿಕೆಯಷ್ಟು.

ಪ್ರಶ್ನೆ: ನಮ್ಮದು ಹಾಸನಕ್ಕೆ ಅಂಟಿಕೊಂಡ ಕೆರೆ ದಂಡೆಯ ಹಳ್ಳಿ. ಪಂಚಾಯಿತಿ ಹೋಗಿ ಪಟ್ಟಣಕ್ಕೆ ಸೇರುತ್ತೇವೆ ಅಂತ ಸುದ್ದಿ. ಕೆರೆ ತುಂಬ ಜೊಂಡು. ತೆಗೆಸಿ ಎಂದು ಅರ್ಜಿ ಹಿಡಿದು ನಾಲ್ಕು ಆಫೀಸು ತಿರುಗಿದೆ, ಎಲ್ಲರೂ ‘ನಮಗೆ ಬರಲ್ಲ’ ಅಂತಾರೆ. ಈ ಕೆರೆಗೆ ಯಜಮಾನರು ಯಾರು? ಪಟ್ಟಣಕ್ಕೆ ಸೇರಿದ ಮೇಲೆ ಯಾರಾಗ್ತಾರೆ?
– ಓದುಗಿಯೊಬ್ಬರು, ಹಾಸನ ತಾಲ್ಲೂಕು

ನಾಲ್ಕೇ ಆಫೀಸಿಗೆ ಸುಸ್ತಾದಿರಾ ತಾಯಿ? ಇನ್ನೂ ಎರಡು ಬಾಕಿ ಇವೆ. ಲೆಕ್ಕ ಹೇಳುತ್ತೇನೆ ಕೇಳಿ.

ಕೆರೆಯ ನೆಲ ಸರ್ಕಾರದ್ದು. 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಹಾಗೆ ಹೇಳುತ್ತದೆ. ಒತ್ತುವರಿ ಆಗದಂತೆ ಕಾಯುವ ಹೊಣೆ ತಹಶೀಲ್ದಾರರ ಕಡೆಯದು. ಏರಿ, ತೂಬು (ಗದ್ದೆಗೆ ನೀರು ಬಿಡುವ ಕಿಂಡಿ), ಕೋಡಿಯ ರಿಪೇರಿ ಯಾರದ್ದು ಎನ್ನುವುದು ಅಚ್ಚುಕಟ್ಟಿನ ಮೇಲೆ. 40 ಹೆಕ್ಟೇರ್‌ಗಿಂತ, ಅಂದರೆ ಸುಮಾರು 100 ಎಕರೆಗಿಂತ, ಹೆಚ್ಚು ಜಮೀನಿಗೆ ನೀರು ಕೊಡುವ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆ. ಅದಕ್ಕಿಂತ ಚಿಕ್ಕದಾದರೆ ಪಂಚಾಯತ್‌ನವರು. ಮೀನಿನ ಹರಾಜು ಕೆರೆಯ ಗಾತ್ರ ನೋಡಿಕೊಂಡು ಮೀನುಗಾರಿಕೆ ಇಲಾಖೆಗೋ ಗ್ರಾಮ ಪಂಚಾಯಿತಿಗೋ ಹೋಗುತ್ತದೆ. ಪಟ್ಟಣದೊಳಗಿನ ಕೆರೆಯಾದರೆ ನಗರಸಭೆ, ಜೊತೆಗೆ ನಗರಾಭಿವೃದ್ಧಿ ಪ್ರಾಧಿಕಾರ. ಇವೆಲ್ಲದರ ಮೇಲೆ ಕೆರೆಗಳನ್ನು ಉಳಿಸಲೆಂದೇ 2014ರಲ್ಲಿ ಒಂದು ಕಾಯ್ದೆ, ಒಂದು ಪ್ರಾಧಿಕಾರ ಬಂತು. 2018ರಲ್ಲಿ ಆ ಪ್ರಾಧಿಕಾರ ಮುಚ್ಚಿ, ಅದರ ಅಧಿಕಾರ ಸಣ್ಣ ನೀರಾವರಿ ಇಲಾಖೆಯಡಿಯ ಇನ್ನೊಂದು ಪ್ರಾಧಿಕಾರಕ್ಕೆ ಹೋಯಿತು. ನೆಲಕ್ಕೊಬ್ಬರು, ಏರಿಗೊಬ್ಬರು, ಮೀನಿಗೊಬ್ಬರು. ಜೊಂಡಿಗೆ? ಜೊಂಡಿಗೆ ಯಾರೂ ಇಲ್ಲ. ಅದಕ್ಕೇ ನಿಮ್ಮ ಅರ್ಜಿ ಊರು ಸುತ್ತುತ್ತಿರುವುದು.

ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವ ಜಾತಿಯವನು ನಾನಲ್ಲ, ಕಾರಣ ಆಮೇಲೆ ಹೇಳುತ್ತೇನೆ. ಆದರೆ ಕೆರೆಗೆ ಅಂತ ಒಬ್ಬ ಆಳಿದ್ದ. ನಮ್ಮೂರಲ್ಲಿ ಆ ಆಳು ನಮ್ಮ ತಾತ. ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಸುತ್ತು. ಏರಿಯ ಹೊರಮೈಯಲ್ಲಿ ಎಲ್ಲಾದರೂ ನೀರು ಜಿನುಗಿದೆಯಾ, ಏಡಿ ಬಿಲ ತೋಡಿದೆಯಾ ಅಂತ ಬರಿಗಾಲಲ್ಲಿ ತುಳಿದು ನೋಡುವುದು. ತಣ್ಣಗೆ ಹತ್ತಿದ ಕಡೆ ಒಂದು ಕಲ್ಲಿಟ್ಟು, ಬೆಳಗಾದ ಮೇಲೆ ಮಣ್ಣು ಬಡಿಯುವುದು. ಯಾರ ಗದ್ದೆಗೆ ಯಾವ ಜಾವ ನೀರು ಎಂಬುದು ಅವರ ತಲೆಯಲ್ಲಿತ್ತು. ಊರಿನ ದೊಡ್ಡ ಜಮೀನ್ದಾರರು ಒಮ್ಮೆ ತಮ್ಮ ಸರದಿಗೆ ಮೊದಲೇ ನೀರು ಬಿಡು ಅಂದಾಗ ‘ಸರದಿ ಬರಲಿ ಬುದ್ಧಿ, ನೀರೆಲ್ಲೂ ಓಡೋಗಾಕಿಲ್ಲ’ ಅಂದರಂತೆ. ಮಳೆ ಕೈಕೊಟ್ಟ ವರ್ಷ ಏರಿಯ ಮೇಲೆ ಊರವರೆಲ್ಲ ಕೂತು, ಇಷ್ಟು ನೀರಿಗೆ ಎಲ್ಲರೂ ಅರ್ಧ ಅರ್ಧ ನಾಟಿ ಎಂದು ತೀರ್ಮಾನ ಮಾಡುತ್ತಿದ್ದರು. ಆ ತೀರ್ಮಾನ ಜಾರಿ ಮಾಡುತ್ತಿದ್ದವನು ನೀರುಗಂಟಿ. ಸಂಬಳವಿಲ್ಲ. ಸುಗ್ಗಿಯಲ್ಲಿ ಕಣಕಣಕ್ಕೆ ಹೋಗಿ ಆಯ, ಅಂದರೆ ಬೆಳೆಯಲ್ಲಿ ತಮ್ಮ ಪಾಲು, ತರುತ್ತಿದ್ದರು. ಈ ಕೆಲಸಕ್ಕೆಂದು ಮಾನ್ಯವಾಗಿ ಬಂದ ಒಂದು ತುಂಡು ಜಮೀನಿತ್ತು, ಅದೂ ಕೆರೆಯ ಕೆಳಗಲ್ಲ, ಮೇಲಿನ ಖುಷ್ಕಿಯಲ್ಲಿ, ಮಳೆ ನಂಬಿದ ಹೊಲದಲ್ಲಿ. ಊರಿಗೆಲ್ಲ ಭತ್ತ ಬೆಳೆಯಲು ನೀರು ಬಿಟ್ಟವರ ಮನೆಯಲ್ಲಿ ಬೆಳೆದದ್ದು ರಾಗಿ.

ಇನ್ನು ಆ ಕಾರಣ. ಕೆರೆಯ ನೀರನ್ನು ಊರಿನ ಎಲ್ಲ ಗದ್ದೆಗೂ ತಿರುಗಿಸುತ್ತಿದ್ದ ಆ ಕೈ, ಊರೊಳಗಿನ ಬಾವಿಗೆ ಹಗ್ಗ ಇಳಿಸುವ ಹಾಗಿರಲಿಲ್ಲ. ಇಷ್ಟು ಹೇಳಿದರೆ ಸಾಕು ಅಂದುಕೊಂಡಿದ್ದೇನೆ.

1961ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆಗಿ, 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಹೋದದ್ದನ್ನು ಎಲ್ಲರೂ ಹೇಳುತ್ತಾರೆ. ತೋಟಿ, ತಳವಾರ, ನೀರುಗಂಟಿಯ ಕೆಲಸವೂ ಅದೇ ಕಾಯ್ದೆಯಲ್ಲಿ ಹೋಯಿತು. ಮಾನ್ಯದ ಜಮೀನು ನಮ್ಮ ಹೆಸರಿಗೇ ಮರುಮಂಜೂರಾಯಿತು, ನಾನು ಶಾಲೆಗೆ ಹೋದೆ, ಇಲ್ಲಿ ಕೂತು ಬರೆಯುತ್ತಿದ್ದೇನೆ. ಆ ಕಾಯ್ದೆಗೆ ನನ್ನ ನಮಸ್ಕಾರ. ಆದರೆ ಪಟೇಲ, ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ನೀರುಗಂಟಿಯ ಜಾಗಕ್ಕೆ ಬಂದವರು ಯಾರು? ಗ್ರಾಮ ಪಂಚಾಯಿತಿಯಲ್ಲಿ ಈಗಲೂ ನೀರುಗಂಟಿ ಎಂಬ ಹುದ್ದೆ ಇದೆ. ಆತ ಬೋರ್‌ವೆಲ್ ಮೋಟಾರು ಚಾಲೂ ಮಾಡುತ್ತಾನೆ, ಬೀದಿಯ ವಾಲ್ವು ತಿರುಗಿಸುತ್ತಾನೆ. ಕೆರೆಯ ಕಡೆ ಅವನ ಬೆನ್ನು. ಅವನ ತಪ್ಪಲ್ಲ, ಅವನ ಕೆಲಸದ ಪಟ್ಟಿಯಲ್ಲಿ ಕೆರೆ ಇಲ್ಲ.

ಅತ್ತ ಊರಾಳುವ ವ್ಯವಸ್ಥೆಯೂ ಬದಲಾಗುತ್ತಲೇ ಹೋಯಿತು. 1959ರ ಕಾಯ್ದೆಯ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಬೋರ್ಡು, 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ಆದ ಮಂಡಲ ಪಂಚಾಯಿತಿ, ಕೊನೆಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಮಂಡಲದ ಕಾಲದಲ್ಲಿ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡರು. ಹೆಂಗಸರ ಸೊಂಟದ ಭಾರ ಇಳಿಯಿತು, ಅದು ಸಣ್ಣ ಮಾತಲ್ಲ. ಪಟ್ಟಣಕ್ಕೆ ಗೊರೂರಿನ ಕಡೆಯಿಂದ ಹೇಮಾವತಿ ನೀರು ಪೈಪಿನಲ್ಲಿ ಬಂತು. ಹೀಗೆ ಕುಡಿಯುವ ನೀರಿಗೆ ಕೆರೆ ಬೇಡವಾಯಿತು. ಕೆರೆ ಕೆಳಗಿನ ಗದ್ದೆ ಸೈಟಾದ ಮೇಲೆ ವ್ಯವಸಾಯಕ್ಕೂ ಬೇಡವಾಯಿತು. ಯಾರಿಗೂ ಬೇಡವಾದದ್ದಕ್ಕೆ ಆರು ಯಜಮಾನರು.

ಪಟ್ಟಣಕ್ಕೆ ಸೇರಿದರೆ ಏನಾಗುತ್ತದೆ? ಹಾಸನದಲ್ಲಿ ಪಾಲಿಕೆಯ ಮಾತು ಬಂದಾಗಲೆಲ್ಲ ಸುತ್ತಲಿನ ಹಳ್ಳಿಗಳ ಹೆಸರು ಯಾಕೆ ಬರುತ್ತದೆ ಅಂದರೆ, 1976ರ ಕಾಯ್ದೆಯ ಪ್ರಕಾರ ಮಹಾನಗರ ಪಾಲಿಕೆಗೆ 3 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಹಾಸನ ಪಟ್ಟಣ ಅದರ ಹತ್ತಿರಕ್ಕೂ ಇರಲಿಲ್ಲ. ತಲೆ ಎಣಿಕೆಗೆ ನೀವು ಬೇಕು. ಸೇರಿದ ಮೇಲೆ ರಸ್ತೆ, ಚರಂಡಿ, ಕಸದ ಗಾಡಿ ಸ್ವಲ್ಪ ಸುಧಾರಿಸಬಹುದು. ಕಂದಾಯ ಏರುತ್ತದೆ. ಗ್ರಾಮಸಭೆ ಇರುವುದಿಲ್ಲ. ಹಳ್ಳಿಗರಿಗೆಂದೇ ಇರುವ ಉದ್ಯೋಗ ಖಾತ್ರಿಯೂ ಇರುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಕೆರೆಗಳ ಹೂಳು ಎತ್ತಿಸಿದ್ದು ಹೆಚ್ಚಾಗಿ ಅದರ ದುಡ್ಡಿನಲ್ಲೇ. ಪಿಡಿಒ ಬದಲು ಆಯುಕ್ತರು. ಪಿಡಿಒಗೆ ಕೆರೆ ಕಿಟಕಿಯಿಂದ ಕಾಣುತ್ತಿತ್ತು, ಆಯುಕ್ತರಿಗೆ ಫೈಲಿನಿಂದ ಕಾಣಬೇಕು.

ಪಂಚಾಯಿತಿಯೇ ವಾಸಿ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಕಾರ್ಯದರ್ಶಿಯಾಗಿದ್ದ ಒಂದು ಪಂಚಾಯಿತಿಯಲ್ಲಿ ಸಮುದಾಯ ಭವನಕ್ಕೆ ದುಡ್ಡು ಬಂತು, ಜಾಗ ಇರಲಿಲ್ಲ. ಕೆರೆಯ ಪಕ್ಕ ಒಂದು ಅಗಲವಾದ ಖಾಲಿ ಪಟ್ಟಿ ಇತ್ತು, ಹುಲ್ಲು ಬೆಳೆದು ದನ ಮೇಯುತ್ತಿದ್ದವು. ಸದಸ್ಯರು ತೋರಿಸಿದರು, ‘ಖಾಲಿ ನಿವೇಶನ’ ಎಂದು ಠರಾವು ಬರೆದವನು ನಾನು. ಅದು ಕೋಡಿ ಹಳ್ಳ, ತುಂಬಿದ ಕೆರೆಯ ನೀರು ಹೊರಹೋಗುವ ದಾರಿ. ಹತ್ತು ಹನ್ನೆರಡು ವರ್ಷ ಕೆರೆ ತುಂಬಿರಲಿಲ್ಲವಾದ್ದರಿಂದ ಎಲ್ಲರೂ ಮರೆತಿದ್ದರು. ನೀರುಗಂಟಿಯ ಮೊಮ್ಮಗನಾದ ನಾನು ಮರೆತದ್ದಕ್ಕೆ ಏನು ನೆಪ ಹೇಳಲಿ? ಭವನ ಎದ್ದು ಮೂರನೆಯ ಮಳೆಗಾಲಕ್ಕೆ ಕೆರೆ ಕೋಡಿ ಬಿತ್ತು. ನೀರು ಗೋಡೆಗೆ ಬಡಿದು ಪಕ್ಕದ ಕೇರಿಗೆ ತಿರುಗಿತು. ಬೆಳಗಿನ ಜಾವ ನಾನು ಹೋದಾಗ ಒಬ್ಬ ಅಜ್ಜಿ ಮಂಚದ ಮೇಲೆ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಬೈಯಲಿಲ್ಲ. ‘ಬಾ ಸ್ವಾಮಿ, ಕುಂತ್ಕೊ, ಕಾಲು ನೆನಿತೈತೆ’ ಅಂದಳು. ಆ ಠರಾವು ಪುಸ್ತಕದಲ್ಲಿ ನನ್ನ ಅಕ್ಷರ ಇನ್ನೂ ಇದೆ.

ಆದ್ದರಿಂದ ತಾಯಿ, ಜೊಂಡಿನ ಅರ್ಜಿ ಸ್ವಲ್ಪ ಬದಿಗಿಡಿ. ಪಂಚಾಯಿತಿ ಇರುವಷ್ಟರಲ್ಲಿ ಒಂದು ಕೆಲಸ ಮಾಡಿಸಿಕೊಳ್ಳಿ. ಭೂದಾಖಲೆ ಕಚೇರಿಯಿಂದ ಗ್ರಾಮನಕಾಶೆ ತೆಗೆಸಿ, ಕೆರೆಯ ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಒಳಗೆ ಬರುವ ಹಳ್ಳ ಯಾವುದು, ಕೋಡಿ ಹಳ್ಳ ಯಾವುದು, ಎಲ್ಲ ಗುರುತು ಮಾಡಿ. ಕೆರೆ ಅಳತೆ ಮಾಡಿ ಹದ್ದುಬಸ್ತು ಕಲ್ಲು ನೆಡಿಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಕಲು ಸಹಿತ ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಟ್ಟಣಕ್ಕೆ ಸೇರಿಸುವ ಕರಡು ಅಧಿಸೂಚನೆ ಹೊರಟಾಗ ಆಕ್ಷೇಪಣೆಗೆ ಗಡುವು ಕೊಡುತ್ತಾರೆ, ಸಾಮಾನ್ಯವಾಗಿ 30 ದಿನ. ಸೇರುವುದು ಬೇಡ ಎಂದೇ ಬರೆಯಬೇಕಿಲ್ಲ. ಈ ಕೆರೆ, ಈ ಎರಡು ಹಳ್ಳ, ಈ ಅಳತೆ, ಇದೂ ನಮ್ಮ ಜೊತೆ ಬರುತ್ತದೆ ಎಂದು ಬರೆಯಿರಿ. ಕೋಡಿ ಹಳ್ಳವನ್ನು ಮಾತ್ರ ಮರೆಯಬೇಡಿ. ಕೆರೆಯನ್ನು ಎಲ್ಲರೂ ಬರೆಯುತ್ತಾರೆ, ಹಳ್ಳವನ್ನು ಬಿಡುತ್ತಾರೆ.

ಪ್ರಶ್ನೆ: ನಮ್ಮ ಕೊಪ್ಪಲಿಗೆ ಬೋರ್ಡಿದೆ, ಬಸ್ ಸ್ಟಾಪಿದೆ, ಶಾಲೆಯಿದೆ. ಪಹಣಿಯಲ್ಲಿ ಮಾತ್ರ ಪಕ್ಕದ ಊರಿನ ಹೆಸರು! ನಮ್ಮದು ಊರೇ ಅಲ್ಲವೇ?
– ಓದುಗರೊಬ್ಬರು, ಹೊಳೆನರಸೀಪುರ ತಾಲ್ಲೂಕು

ಊರೇ. ಆದರೆ ಕಂದಾಯ ಗ್ರಾಮ ಅಲ್ಲ. ಸರ್ಕಾರಕ್ಕೆ ಗ್ರಾಮ ಅಂದರೆ ಮನೆಗಳಲ್ಲ, ಸರ್ವೆ ಮಾಡಿದ ಎಲ್ಲೆ. ಒಂದು ಎಲ್ಲೆಯೊಳಗೆ ಮೂಲ ಊರೂ ಇರಬಹುದು, ಆಮೇಲೆ ಹೊಲದ ಹತ್ತಿರ ಗುಡಿಸಲು ಹಾಕಿಕೊಂಡು ಬೆಳೆದ ಎರಡು ಮೂರು ಕೊಪ್ಪಲೂ ಇರಬಹುದು. ಇದರ ಉಲ್ಟಾ ನೋಡಬೇಕಾ? ಎಲ್ಲೆ ಇದೆ, ಸರ್ವೆ ನಂಬರಿದೆ, ಮನುಷ್ಯರಿಲ್ಲ. ಅದಕ್ಕೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ಸರ್ಕಾರಿ ಕಡತದಲ್ಲಿ ಜನವಿಲ್ಲದ ಬೇಚರಾಕ್ ಊರಿಗೆ ಇರುವ ಮರ್ಯಾದೆ ಜನವಿರುವ ಕೊಪ್ಪಲಿಗಿಲ್ಲ. ಕೊಪ್ಪಲು, ಹಟ್ಟಿ, ತಾಂಡಾಗಳನ್ನು ಕಂದಾಯ ಗ್ರಾಮ ಮಾಡಲು ಅವಕಾಶವಿದೆ. ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಹಾಸನದ ಹತ್ತಿರ ‘ಲೇಕ್ ವ್ಯೂ’ ಸೈಟು ಬಂದಿದೆ, ಪಂಚಾಯಿತಿ ಖಾತೆ ಇದೆ ಅಂತಾರೆ. ತೆಗೆದುಕೊಳ್ಳಬಹುದೇ? ನಿವೃತ್ತಿಯಾದ ಮೇಲೆ ನೀರು ನೋಡುತ್ತ ಇರೋಣ ಅಂತ ಆಸೆ.
– ಓದುಗರೊಬ್ಬರು, ಬೆಂಗಳೂರು

ಆಸೆ ಒಳ್ಳೆಯದು. ಆದರೆ ನೀವು ನೀರನ್ನು ನೋಡುತ್ತೀರೋ, ನೀರು ನಿಮ್ಮನ್ನು ನೋಡಲು ಬರುತ್ತದೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಸೈಟು ತೋರಿಸುವವರೇ ಹೆಚ್ಚು. ನೀವು ಆಗಸ್ಟಿನಲ್ಲಿ, ಮಳೆ ಹಿಡಿದ ದಿನ, ಒಬ್ಬರೇ ಹೋಗಿ ಬನ್ನಿ.

ಕಾಗದದ ಮಾತಿಗೆ ಬಂದರೆ, ಖಾತೆ ಅಂದರೆ ಹಕ್ಕುಪತ್ರವಲ್ಲ, ಕಂದಾಯ ಕಟ್ಟುವ ಲೆಕ್ಕ. ಪಂಚಾಯಿತಿ ಆಸ್ತಿಗಳ ಗಣಕ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಅ ಇದ್ದರೆ ಗ್ರಾಮಠಾಣದ್ದೋ (ಊರಿನ ವಾಸದ ಜಾಗದ್ದೋ) ಕ್ರಮವಾಗಿ ಪರಿವರ್ತನೆ ಆದದ್ದೋ ಅಂತ ಒಂದು ನಂಬಿಕೆ. 11ಬ ಅಂದರೆ ಎಚ್ಚರ ಅಂತ ಓದಿಕೊಳ್ಳಿ. ಭೂ ಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ ಎರಡನ್ನೂ ಕೇಳಿ. ಆಮೇಲೆ ಮೂಲ ಸರ್ವೆ ನಂಬರಿನ ಆಕಾರಬಂದು (ಜಮೀನಿನ ವಿಸ್ತೀರ್ಣದ ಸರ್ವೆ ದಾಖಲೆ) ತೆಗೆಸಿ ‘ಬ ಖರಾಬು’ ಎಷ್ಟಿದೆ ನೋಡಿ. ಅ ಖರಾಬು ಅಂದರೆ ಉಳಲು ಬಾರದ ಕಲ್ಲು ದಿಣ್ಣೆ. ಬ ಖರಾಬು ಅಂದರೆ ಸಾರ್ವಜನಿಕರ ದಾರಿ, ಹಳ್ಳ, ಕೆರೆ. ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಉದ್ಯಾನ ಅಂತ ಹಸಿರು ಬಳಿದಿರುವ ಉದ್ದನೆಯ ಸೊಟ್ಟ ಪಟ್ಟಿ ಕಂಡರೆ ಅದು ಉದ್ಯಾನವಲ್ಲ, ಹಳ್ಳ. ಉದ್ಯಾನಗಳು ಸೊಟ್ಟ ಇರುವುದಿಲ್ಲ.

ಪ್ರಶ್ನೆ: ಶೆಟ್ಟಿಹಳ್ಳಿಯ ನೀರಿನೊಳಗಿನ ಚರ್ಚ್ ನೋಡಿ ಬಂದೆವು. ಅದೂ ಕೆರೆ ದಂಡೆಯ ಊರುಗಳ ಲೆಕ್ಕಕ್ಕೇ ಬರುತ್ತದಲ್ಲವೇ?
– ಓದುಗಿಯೊಬ್ಬರು, ಮೈಸೂರು

ಬರುವುದಿಲ್ಲ. ಕೆರೆ ದಂಡೆಯ ಊರಿನವರು ನೀರನ್ನು ತಾವೇ ಕರೆದು ಕೂರಿಸಿದವರು. ಶೆಟ್ಟಿಹಳ್ಳಿಯವರ ಹತ್ತಿರ ನೀರು ಬಂದು, ಏಳಿ ಎಂದಿತು. ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. 37 ಟಿಎಂಸಿಗೂ ಹೆಚ್ಚು ನೀರು ನಿಲ್ಲುವ ಜಲಾಶಯ. ಗರಿಷ್ಠ ಮಟ್ಟ 2,922 ಅಡಿ, ಅದಕ್ಕಿಂತ ತಗ್ಗಿನಲ್ಲಿದ್ದ ಹೊಲ ಮನೆಗಳೆಲ್ಲ ಹೋದವು. ಇಲ್ಲಿ ಊರಿನ ಎಲ್ಲೆ ಬರೆದದ್ದು ಗ್ರಾಮನಕಾಶೆಯಲ್ಲ, ಆ ಮಟ್ಟ. ನೀರು ಇಳಿದಾಗ ಮೇಲೇಳುವ ಮಣ್ಣಿನಲ್ಲಿ ಹಳೆಯ ಗದ್ದೆಯ ಬದುಗಳು ಕಾಣುತ್ತವೆ, ಗಮನಿಸಿದಿರಾ? ಎಲ್ಲರೂ ಚರ್ಚಿನ ಫೋಟೋ ತೆಗೆಯುತ್ತಾರೆ. ನಾನು ಹೋದಾಗ ಆ ಬದುಗಳನ್ನೇ ನೋಡುತ್ತ ನಿಂತುಬಿಟ್ಟೆ.

ಪ್ರಶ್ನೆ: ನಮ್ಮ ಹಿರೇಮಗಳೂರು ಚಿಕ್ಕಮಗಳೂರು ನಗರಸಭೆಗೆ ಸೇರಿ ಕಾಲವಾಯಿತು. ನಮ್ಮನ್ನು ಇನ್ನೂ ಹಳ್ಳಿ ಅನ್ನಬಹುದೇ? ಪಂಚಾಯಿತಿಯೇ ಇದ್ದಿದ್ದರೆ ಎಷ್ಟು ಸದಸ್ಯರಿರುತ್ತಿದ್ದರು?
– ಓದುಗರೊಬ್ಬರು, ಚಿಕ್ಕಮಗಳೂರು

ಹಿರಿಯ ಮಗಳ ಊರು ಕಿರಿಯ ಮಗಳ ಊರಿನ ವಾರ್ಡಾಯಿತು ಎಂದು ಬೇಸರವೇ? ಸಖರಾಯಪಟ್ಟಣದ ರುಕ್ಮಾಂಗದ ರಾಜ ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು ಊರು ಬಳುವಳಿ ಕೊಟ್ಟ ಎಂಬುದು ಐತಿಹ್ಯ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಅಂಥ ಊರಿಗೆ ವಾರ್ಡ್ ನಂಬರು ಏನು ಮಾಡೀತು?

ಲೆಕ್ಕ ಕೇಳಿದ್ದೀರಿ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಬೇರೆ ಜಿಲ್ಲೆಗಳಲ್ಲಿ ಒಂದು ಪಂಚಾಯಿತಿಗೆ 5,000ದಿಂದ 7,000 ಜನ ಇರಬೇಕು. ಮನೆಗಳು ದೂರ ದೂರ ಇರುವ ಹಾಸನ, ಚಿಕ್ಕಮಗಳೂರಿನಂಥ ಮಲೆನಾಡು ಜಿಲ್ಲೆಗಳಲ್ಲಿ 2,500 ಇದ್ದರೂ ನಡೆಯುತ್ತದೆ. ಚಿಕ್ಕಮಗಳೂರು ನಗರಸಭೆಯಲ್ಲಿ 35 ವಾರ್ಡು, ಜನ ಲಕ್ಷದ ಮೇಲೆ. ಒಬ್ಬೊಬ್ಬ ಸದಸ್ಯರ ಪಾಲಿಗೆ ಸುಮಾರು ಮೂರು ಸಾವಿರ. ಹಳ್ಳಿಯಲ್ಲಿ ಸದಸ್ಯನನ್ನು ಕಣದಲ್ಲೋ ಹೋಟೆಲಲ್ಲೋ ಹಿಡಿಯಬಹುದು. ಪಟ್ಟಣದಲ್ಲಿ ಫೋನ್ ಮಾಡಬೇಕು, ಅವರು ಎತ್ತಬೇಕು.

ಪ್ರಶ್ನೆ: ತೂಬು ಅಂದರೇನು ಎಂದು ಮಕ್ಕಳು ಕೇಳಿದರು. ನಾನು ನೋಡಿಯೇ ಇಲ್ಲ, ಕರಾವಳಿಯವಳು. ಹೇಗೆ ಹೇಳಲಿ?
– ಪ್ರಾಥಮಿಕ ಶಾಲೆಯ ಶಿಕ್ಷಕಿ, ಆಲೂರು ತಾಲ್ಲೂಕು

ಹೇಳಬೇಡಿ ಮೇಡಂ, ತೋರಿಸಿ. ಹಳೆಯ ಕೆರೆಯ ಏರಿಯ ಒಳಮಗ್ಗುಲಲ್ಲಿ, ನೀರಿನೊಳಗೆ ಎರಡು ಕಲ್ಲುಗಂಬ ನಿಂತಿರುತ್ತವೆ. ಅವುಗಳ ನಡುವೆ ಅಡ್ಡ ಕಲ್ಲು, ಅಡ್ಡ ಕಲ್ಲಿಗೆ ತೂತು. ಆ ತೂತಿನೊಳಗಿಂದ ಒಂದು ಉದ್ದನೆಯ ಮರದ ಗಳು ಇಳಿದಿರುತ್ತದೆ, ತುದಿಯಲ್ಲಿ ಬಿರಡೆ. ಕೆಳಗೆ ಕೆರೆಯ ತಳದಲ್ಲಿ ಕಲ್ಲಿನ ಕುಳಿ, ಅಲ್ಲಿಂದ ಏರಿಯ ಅಡಿಯಲ್ಲಿ ಹಾದು ಆಚೆ ಗದ್ದೆಗೆ ಕಾಲುವೆ. ಗಳು ಎತ್ತಿದರೆ ನೀರು, ಇಳಿಸಿದರೆ ಬಂದ್. ಇಷ್ಟೇ ಯಂತ್ರ.

ನಮ್ಮ ತಾತ ನೀರಿಗಿಳಿದು, ಕತ್ತಿನವರೆಗೆ ಮುಳುಗಿ ಗಳು ಎತ್ತುತ್ತಿದ್ದರು. ಎಷ್ಟು ಎತ್ತಿದೆ ಎಂದು ಕಣ್ಣಿಗೆ ಕಾಣದು. ಆಚೆ ಕಡೆ ಏರಿಯ ಬುಡದಲ್ಲಿ ನನ್ನನ್ನು ಕೂರಿಸಿರುತ್ತಿದ್ದರು. ನೀರು ಮೊದಲು ಗೊಳಗೊಳ ಅನ್ನುತ್ತದೆ, ಆಮೇಲೆ ಸದ್ದು ದಪ್ಪವಾಗುತ್ತದೆ. ದಪ್ಪವಾದ ತಕ್ಷಣ ನಾನು ‘ಸಾಕು ತಾತಾ’ ಅಂತ ಕೂಗಬೇಕು. ಗಳುವಿನ ಮೇಲೆ ಕುಡುಗೋಲಿನಿಂದ ಹಾಕಿದ ಮೂರು ಗೀರು ಇದ್ದವು, ಅವು ಗೊತ್ತಿಲ್ಲದವರಿಗಲ್ಲ, ಮರೆತವರಿಗೆ ಎನ್ನುತ್ತಿದ್ದರು.

ಏಪ್ರಿಲ್‌ನಲ್ಲಿ ನೀರು ತಗ್ಗಿರುತ್ತದೆ, ಕಂಬಗಳು ಬುಡದವರೆಗೆ ಕಾಣುತ್ತವೆ. ಪರೀಕ್ಷೆ ಮುಗಿದ ಮೇಲೆ, ರಜೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಏರಿಯ ಮೇಲಿಂದಲೇ ತೋರಿಸಿ, ಹೂಳಿನೊಳಗೆ ಇಳಿಯಲು ಬಿಡಬೇಡಿ, ಮೇಲೆ ಒಣಗಿದಂತೆ ಕಂಡರೂ ಒಳಗೆ ಸೊಂಟದವರೆಗೆ ಹೂತುಹೋಗುತ್ತದೆ. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರಿಗೆ ಕೋಡಿ ಎಲ್ಲಿದೆ ಎಂದು ಮಕ್ಕಳಿಂದಲೇ ಕೇಳಿಸಿ.